ಮಣಿಕಟ್ಟು ಒತ್ತುವುದಕ್ಕೆ ಇಷ್ಟೊಂದು ವಿರೋಧವೇಕೆ?

ಆಪರೇಷನ್ ಆದ ಮೇಲೆ ಕಾಡುವ ವಾಕರಿಕೆ, ವಾಂತಿಯನ್ನು ತಗ್ಗಿಸಲು ರೋಗಿಯ ಮಣಿಕಟ್ಟಿನ ಒಳಬದಿಯ ಒಂದು ಜಾಗವನ್ನು ಹೆಬ್ಬೆರಳಿನಿಂದ ಒತ್ತುವ ಕ್ರಮವಿದೆ. ಅಕ್ಯುಪ್ರೆಶರ್ ಬಲ್ಲವರು ಆ ಜಾಗವನ್ನು ಪಿ-6 ಎನ್ನುತ್ತಾರೆ. ವೈದ್ಯರು ಕೊಡುವ ಔಷಧಿ ಎಂದಿನಂತೆ ನಡೆಯಲಿ. ಅದರ ಜೊತೆಗೆ ಈ ಕ್ರಮವನ್ನೂ ರೋಗಿಗೆ ಮತ್ತು ಮಂಚದ ಪಕ್ಕ ಕೂರುವ ಮನೆಯವರಿಗೆ ಆಸ್ಪತ್ರೆಯಲ್ಲೇ ಕಲಿಸಿಕೊಡಿ ಎಂಬುದು ನನ್ನ ವಾದ. ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾಗಲಿ, ಭದ್ರಾವತಿಯ ಆಸ್ಪತ್ರೆಗಳಿಗಾಗಲಿ ಇದು ಹೊಸ ಯಂತ್ರವನ್ನು, ಹೊಸ ಹುದ್ದೆಯನ್ನು ಬೇಡುವ ಯೋಜನೆಯಲ್ಲ. ಆದರೂ ಈ ಮಾತು ಎತ್ತಿದಾಗಲೆಲ್ಲ ಅವೇ ಆಕ್ಷೇಪಗಳು ಎದುರಾಗುತ್ತವೆ, ಒಂದಕ್ಕೊಂದು ಹೊಂದದಿದ್ದರೂ ಒಂದೇ ಉಸಿರಿನಲ್ಲಿ. ಅವನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದ್ದು.

ಮೊದಲ ಆಕ್ಷೇಪ: ಆಪರೇಷನ್ ಅಂದ ಮೇಲೆ ಒಂದೆರಡು ಸಲ ವಾಂತಿ ಇದ್ದದ್ದೇ, ಅದೇನು ಜೀವ ತೆಗೆಯುವುದಿಲ್ಲ, ಸಹಿಸಿಕೊಳ್ಳಬೇಕು. ಹೀಗೆ ಹೇಳುವವರು ಮಂಚದ ಮೇಲೆ ಮಲಗಿರುವವರಲ್ಲ, ಪಕ್ಕದಲ್ಲಿ ನಿಂತವರು. ಹೊಟ್ಟೆಯಲ್ಲಿ ಹಸಿ ಹೊಲಿಗೆ ಇಟ್ಟುಕೊಂಡು ವಾಂತಿ ಮಾಡುವುದೆಂದರೆ ಪ್ರತಿ ಓಕರಿಕೆಗೂ ಆ ಹೊಲಿಗೆಯನ್ನು ಒಳಗಿನಿಂದ ಜಗ್ಗಿದಂತೆ. ಅರಿವಳಿಕೆಯ ಮಂಪರು ಇಳಿಯದವರಲ್ಲಿ ವಾಂತಿ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ದೇಹದ ನೀರಿನಂಶ, ಲವಣಾಂಶ ಇಳಿಯುತ್ತದೆ, ಮನೆಗೆ ಹೋಗುವ ದಿನ ಮುಂದಕ್ಕೆ ಹೋಗುತ್ತದೆ. ಆಪರೇಷನ್ ನಂತರ ಯಾವ ತೊಂದರೆ ಬರಲೇಬಾರದು ಎಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ರೋಗಿಗಳನ್ನೇ ಕೇಳಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪಟ್ಟಿಯ ತಲೆಯಲ್ಲಿ ಬಂದದ್ದು ವಾಂತಿ. ಗಾಯದ ನೋವು ಅದಕ್ಕಿಂತ ಕೆಳಗಿತ್ತು. ನೋವಿಗೆ ಇಂಜೆಕ್ಷನ್ ಬರೆಯುವಾಗ ‘ಸಹಿಸಿಕೊಳ್ಳಿ’ ಎನ್ನದವರು ನೋವಿಗಿಂತ ರೋಗಿ ಹೆಚ್ಚು ಹೆದರುವ ಸಂಕಟಕ್ಕೆ ಮಾತ್ರ ಹಾಗೆನ್ನುವುದು ಯಾವ ನ್ಯಾಯ?

ನಮ್ಮ ಕಡೆಯವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಪೂರ್ತಿ ಅರಿವಳಿಕೆ ಪಡೆದವರಲ್ಲಿ ಯಾರಿಗೆ ವಾಕರಿಕೆ, ವಾಂತಿಯ ಸಂಭವ ಹೆಚ್ಚು ಎಂದು ಅಳೆಯಲು ಕ್ರಿಶ್ಚಿಯನ್ ಆಪ್ಫೆಲ್ ಮತ್ತು ಸಂಗಡಿಗರು 1999ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಹೆಣ್ಣಾಗಿರುವುದು ಒಂದು ಅಂಕ. ಬೀಡಿ, ಸಿಗರೇಟು ಸೇದದಿರುವುದು ಒಂದು. ಹಿಂದೆ ಆಪರೇಷನ್ ನಂತರ ವಾಂತಿಯಾಗಿದ್ದರೆ ಅಥವಾ ಪ್ರಯಾಣದಲ್ಲಿ ಹೊಟ್ಟೆ ತೊಳಸುವ ಸ್ವಭಾವವಿದ್ದರೆ ಒಂದು. ಆಪರೇಷನ್ ನಂತರ ಮಾರ್ಫಿನ್ ಬಗೆಯ ನೋವುನಿವಾರಕ ಕೊಡುವುದಿದ್ದರೆ ಒಂದು. ಒಂದೂ ಇಲ್ಲದವರಲ್ಲಿ ಸಂಭವ ಸುಮಾರು ಶೇ 10. ಒಂದಿದ್ದರೆ 20, ಎರಡಿದ್ದರೆ 40, ಮೂರಿದ್ದರೆ 60, ನಾಲ್ಕೂ ಇದ್ದರೆ 80. ಇನ್ನು ತೀರ್ಥಹಳ್ಳಿ ರಸ್ತೆಯ ಬಸ್ಸನ್ನು ನೆನೆಯಿರಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟುವಷ್ಟರಲ್ಲಿ ಕಿಟಕಿಯಾಚೆ ತಲೆ ಹಾಕುವ ಹೆಂಗಸರು ಎಷ್ಟು ಜನ! ಅಂಥ ಒಬ್ಬಾಕೆ ಪಿತ್ತಕೋಶದ ಆಪರೇಷನ್‌ಗೆ ಶಿವಮೊಗ್ಗಕ್ಕೆ ಬಂದರೆ ಬಾಗಿಲು ದಾಟುವಾಗಲೇ ಮೂರು ಅಂಕ ಹೊತ್ತು ತಂದಿರುತ್ತಾರೆ; ನಾಲ್ಕನೆಯದನ್ನು ನೋವಿನ ಇಂಜೆಕ್ಷನ್ ಸೇರಿಸುತ್ತದೆ. ಐವರಲ್ಲಿ ನಾಲ್ವರಿಗೆ ಆಗುವುದನ್ನು ಕ್ಷುಲ್ಲಕ ಎನ್ನಲು ಬರುವುದಿಲ್ಲ.

ಎರಡನೆಯ ಆಕ್ಷೇಪ ವಿಚಾರವಾದಿಗಳದ್ದು. ‘ಚಿ’ ಎಂಬ ಪ್ರಾಣಶಕ್ತಿ ಕಾಣದ ನಾಳಗಳಲ್ಲಿ ಹರಿಯುತ್ತದೆ ಎಂಬ ಚೀನೀ ನಂಬಿಕೆ ಸುಳ್ಳು, ಆದ್ದರಿಂದ ಆ ನಂಬಿಕೆಯಿಂದ ಹುಟ್ಟಿದ ಚಿಕಿತ್ಸೆಯೂ ಸುಳ್ಳು ಎನ್ನುತ್ತಾರೆ. ಮೊದಲ ಮಾತನ್ನು ಒಪ್ಪುತ್ತೇನೆ: ಅಂಥ ನಾಳಗಳನ್ನು ಯಾವ ಅಂಗರಚನಾಶಾಸ್ತ್ರಜ್ಞನೂ ಕಂಡಿಲ್ಲ. ಎರಡನೆಯ ಮಾತು ಮೊದಲನೆಯದರಿಂದ ಹೊರಡುವುದಿಲ್ಲ. ವಿವರಣೆ ತಪ್ಪಾಗಿದ್ದೂ ಪರಿಣಾಮ ನಿಜವಾಗಿರಬಹುದು. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದಾಗ ಅದು ಮಿದುಳಿನಲ್ಲಿ ಏನು ಮಾಡುತ್ತದೆಂದು ಅಲ್ಲಿ ನೆರೆದವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಅರಿವಳಿಕೆಯ ಅನಿಲಗಳು ಪ್ರಜ್ಞೆಯನ್ನು ಹೇಗೆ ಕಳೆಯುತ್ತವೆ ಎಂಬ ಚರ್ಚೆ ಇಂದಿಗೂ ಪೂರ್ತಿ ಮುಗಿದಿಲ್ಲ. ಆ ಕಾರಣಕ್ಕೆ ಯಾರೂ ಅರಿವಳಿಕೆಯಿಲ್ಲದೆ ಹೊಟ್ಟೆ ಕೊಯ್ಯಿಸಿಕೊಂಡಿಲ್ಲ. ಗೊತ್ತಿಲ್ಲದ ಕಾರ್ಯವಿಧಾನ ಅನಿಲಕ್ಕಾದರೆ ಕ್ಷಮ್ಯ, ಬೆರಳಿಗಾದರೆ ಅಪರಾಧ ಎನ್ನುವುದು ವಿಚಾರವಾದವಲ್ಲ, ಪಕ್ಷಪಾತ.

ಇಲ್ಲಿ ನಾವು ಪೂರ್ತಿ ಕತ್ತಲಲ್ಲೂ ಇಲ್ಲ. ಒತ್ತುವ ಜಾಗದ ಅಡಿಯಲ್ಲಿ ಅಂಗೈಗೆ ಹೋಗುವ ಮುಖ್ಯ ನರ, ಮೀಡಿಯನ್ ನರ, ಹಾದುಹೋಗುತ್ತದೆ. ಬೆಲ್‌ಫಾಸ್ಟ್‌ನ ಅರಿವಳಿಕೆ ತಜ್ಞ ಜಾನ್ ಡಂಡೀ 1986ರಿಂದ ಈ ಜಾಗದ ಮೇಲೆ ಸಾಲುಸಾಲು ಪ್ರಯೋಗ ನಡೆಸಿದರು. ಅವರೂ ಸಹೋದ್ಯೋಗಿ ಘಾಲಿಯವರೂ 1991ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆ ಜಾಗಕ್ಕೆ ಮೊದಲೇ ಮರಗಟ್ಟಿಸುವ ಮದ್ದು ಚುಚ್ಚಿದಾಗ ವಾಂತಿ ತಡೆಯುವ ಪರಿಣಾಮ ಇಲ್ಲವಾಯಿತು. ಮದ್ದು ಮರಗಟ್ಟಿಸುವುದು ನರವನ್ನು. ಆದ್ದರಿಂದ ಪರಿಣಾಮದ ದಾರಿ ನರವೇ ಎಂಬ ಕಡೆಗೆ ಈ ಫಲಿತಾಂಶ ಬೆರಳು ತೋರುತ್ತದೆ. ‘ಚಿ’ಯನ್ನು ಒಪ್ಪದವರು ಸಂತೋಷಪಡಬೇಕಾದ ಫಲಿತಾಂಶವಿದು. ಅವರು ಅದನ್ನು ಎತ್ತುವುದೇ ಇಲ್ಲ.

ಮೂರನೆಯ ಆಕ್ಷೇಪ: ಇದೆಲ್ಲ ಮನಸ್ಸಿನ ಸಮಾಧಾನ, ಯಾರಾದರೂ ಕೈ ಹಿಡಿದು ಕೂತರೆ ಯಾರಿಗಾದರೂ ಹಿತವೆನಿಸುತ್ತದೆ. ಹಾಗಿದ್ದರೆ ಪ್ರಜ್ಞೆಯೇ ಇಲ್ಲದವರ ಮೇಲೆ ಪರೀಕ್ಷಿಸೋಣ. ಸ್ವಿಜರ್ಲೆಂಡ್‌ನ ತಂಡವೊಂದು ಅದನ್ನೇ ಮಾಡಿ 2007ರಲ್ಲಿ ಪ್ರಕಟಿಸಿತು. ಆಪರೇಷನ್ ನಡೆಯುವಾಗ ಸ್ನಾಯು ಸಡಿಲಿಸುವ ಮದ್ದು ಎಷ್ಟು ಕೆಲಸ ಮಾಡಿದೆಯೆಂದು ತಿಳಿಯಲು ಅರಿವಳಿಕೆ ತಜ್ಞರು ಕೈಯ ನರವೊಂದಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುವ ವಾಡಿಕೆಯಿದೆ. ಹೊಟ್ಟೆಯೊಳಗೆ ದರ್ಶಕ ನಳಿಕೆ ಇಳಿಸಿ ಮಾಡುವ (ಲ್ಯಾಪರೊಸ್ಕೋಪಿ) ಆಪರೇಷನ್‌ಗೆ ಬಂದ 220 ಮಹಿಳೆಯರಲ್ಲಿ ಅರ್ಧ ಜನರಿಗೆ ಆ ಮಿಡಿತವನ್ನು ಪಿ-6 ಜಾಗದಲ್ಲಿ, ಉಳಿದವರಿಗೆ ಕಿರುಬೆರಳ ಕಡೆಯ ನರದ ಮೇಲೆ ಕೊಟ್ಟರು. 24 ಗಂಟೆಗಳಲ್ಲಿ ವಾಕರಿಕೆ ಅಥವಾ ವಾಂತಿ ಕಂಡವರು ಪಿ-6 ಗುಂಪಿನಲ್ಲಿ ಶೇ 45, ಇನ್ನೊಂದರಲ್ಲಿ ಶೇ 61. ಲಾಭ ಮುಖ್ಯವಾಗಿ ಕಂಡದ್ದು ವಾಕರಿಕೆಯಲ್ಲಿ. ವಾಂತಿಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಅದನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ. ಆದರೆ ಆ ಮಹಿಳೆಯರ ಕೈಯನ್ನು ಯಾರೂ ಅಕ್ಕರೆಯಿಂದ ಹಿಡಿದು ಕೂತಿರಲಿಲ್ಲ. ಯಾವ ನರಕ್ಕೆ ಮಿಡಿತ ಬಿತ್ತೆಂದು ನಿದ್ದೆಯಲ್ಲಿದ್ದವರಿಗೆ ತಿಳಿಯುವಂತಿರಲಿಲ್ಲ. ಮನಸ್ಸಿನ ಸಮಾಧಾನ ಎಂಬ ವಿವರಣೆ ಇಲ್ಲಿ ಯಾವ ಬಾಗಿಲಿನಿಂದ ಒಳಗೆ ಬರುತ್ತದೆ?

ನಾಲ್ಕನೆಯದು ಎಲ್ಲಕ್ಕಿಂತ ಪಾಂಡಿತ್ಯದ ಆಕ್ಷೇಪ: ಸಾಕ್ಷ್ಯದ ಗುಣಮಟ್ಟ ಕಡಿಮೆ ಎಂದು, ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗುವ ಕಾಕ್ರೇನ್ ವಿಮರ್ಶೆಯೇ ಹೇಳಿದೆ. ಹೇಳಿದೆ, ನಿಜ. ಆದರೆ ಹೇಳಿದ್ದು ಅಷ್ಟನ್ನೇ ಅಲ್ಲ. 2015ರ ಆ ವಿಮರ್ಶೆ 59 ಪ್ರಯೋಗಗಳನ್ನು, 7,667 ರೋಗಿಗಳನ್ನು ಒಟ್ಟುಗೂಡಿಸಿತು. ಬೆರಳ ಒತ್ತಡ, ಮಣಿಕಟ್ಟಿನ ಪಟ್ಟಿ, ಸೂಜಿ, ವಿದ್ಯುತ್ ಮಿಡಿತ ಎಲ್ಲವೂ ಅದರಲ್ಲಿ ಸೇರಿವೆ. ಸೋಗಿನ ಚಿಕಿತ್ಸೆ ಪಡೆದವರಲ್ಲಿ 100 ಮಂದಿಗೆ ವಾಂತಿಯಾದರೆ ಪಿ-6 ಗುಂಪಿನಲ್ಲಿ 60. ವಾಕರಿಕೆಯಲ್ಲಿ 100ಕ್ಕೆ 68. ಗುಣಮಟ್ಟ ಕಡಿಮೆ ಎಂಬ ಮಾತು ಈ ಹೋಲಿಕೆಗೆ. ವಾಂತಿ ತಡೆಯುವ ಔಷಧಿಯೊಂದಿಗೆ ನೇರವಾಗಿ ತೂಗಿದಾಗ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ, ಆ ಸಾಕ್ಷ್ಯದ ಗುಣಮಟ್ಟ ಮಧ್ಯಮ ಎಂದೂ ಅದೇ ವಿಮರ್ಶೆ ಹೇಳುತ್ತದೆ. ಒಂದೇ ಪುಟದ ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಕಣ್ಣು ಮುಚ್ಚುವುದಕ್ಕೆ ಪಾಂಡಿತ್ಯ ಬೇಕಿಲ್ಲ. ವಿಮರ್ಶೆಯನ್ನು ಪ್ರಮಾಣವೆಂದು ಕರೆದರೆ ಪೂರ್ತಿಯಾಗಿ ಕರೆಯಬೇಕು.

ಇದೇ ವರ್ಗದವರು ಭಾರತದ ಸೋತ ಪ್ರಯೋಗವೊಂದನ್ನೂ ಮುಂದಿಡುತ್ತಾರೆ. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಅನಿಲ್ ಅಗರವಾಲ್ ಮತ್ತು ಸಂಗಡಿಗರು ಮೂತ್ರಾಂಗದ ದರ್ಶಕ ಆಪರೇಷನ್ ಆದವರಿಗೆ ಮಣಿಕಟ್ಟಿನ ಪಟ್ಟಿ ಕಟ್ಟಿ ನೋಡಿದರು; ಉಪಯೋಗವಿಲ್ಲವೆಂದು 2000ದಲ್ಲಿ ಬರೆದರು. ಅದೇ ಸಂಸ್ಥೆಯ ಅದೇ ಅಗರವಾಲ್ 2002ರಲ್ಲಿ ದರ್ಶಕ ವಿಧಾನದಿಂದ ಪಿತ್ತಕೋಶ ತೆಗೆಸಿಕೊಂಡವರ ಮೇಲಿನ ಪ್ರಯೋಗದಲ್ಲಿ, ಮೊದಲ ಆರು ಗಂಟೆಗಳಲ್ಲಿ ಪಿ-6 ಒತ್ತಡ ವಾಂತಿ ತಡೆಯುವ ಔಷಧಿಯಾದ ಓಂಡನ್‌ಸೆಟ್ರಾನ್‌ನ 4 ಮಿಲಿಗ್ರಾಂಗೆ ಸಮಾನವಾಗಿ ಕೆಲಸ ಮಾಡಿತೆಂದು ಬರೆದರು. ಆ ಸಂಶೋಧಕರು ಸೋಲು, ಗೆಲುವು ಎರಡನ್ನೂ ಪ್ರಕಟಿಸುವ ಪ್ರಾಮಾಣಿಕತೆ ತೋರಿದರು. ನಮ್ಮ ಆಕ್ಷೇಪಕರು 2000ದವರೆಗೆ ಓದಿ ನಿಲ್ಲಿಸಿದರು.

ಐದನೆಯ ಆಕ್ಷೇಪ: ಓಂಡನ್‌ಸೆಟ್ರಾನ್ ಇದೆಯಲ್ಲ, ಅಗ್ಗವೂ ಹೌದು, ಮತ್ತೇಕೆ ಈ ಒತ್ತುವ ಉಪಚಾರ? ಇದಕ್ಕೆ ಆಪ್ಫೆಲ್ ಅವರದೇ 2004ರ ಪ್ರಯೋಗ ಉತ್ತರ ಕೊಡುತ್ತದೆ. ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಆ ಪರೀಕ್ಷೆಯಲ್ಲಿ ಓಂಡನ್‌ಸೆಟ್ರಾನ್, ಡೆಕ್ಸಾಮೆಥಸೋನ್, ಡ್ರೋಪೆರಿಡಾಲ್ ಈ ಮೂರರಲ್ಲಿ ಪ್ರತಿಯೊಂದೂ ಸಂಭವವನ್ನು ಸುಮಾರು ಕಾಲುಭಾಗ ಮಾತ್ರ ತಗ್ಗಿಸಿತು. ಶೇ 80 ಸಂಭವವಿರುವ ನಮ್ಮ ಬಸ್ಸಿನ ಹೆಂಗಸಿಗೆ ಒಂದು ಮದ್ದು ಕೊಟ್ಟರೆ ಅದು 60ಕ್ಕೆ ಇಳಿಯುತ್ತದೆ. ಉಳಿದ 60ಕ್ಕೆ ಉತ್ತರವೇನು? ಇನ್ನೊಂದು ಮದ್ದು ಸೇರಿಸಿ ಎನ್ನುವಿರಾದರೆ, ಒಂದೇ ಉಪಾಯ ಸಾಲದೆಂದು ನೀವೇ ಒಪ್ಪಿದಿರಿ. ಆಮೇಲೆ ‘ಅದಿದೆಯಲ್ಲ, ಇದೇಕೆ’ ಎಂದು ಕೇಳಲು ಬಾಯಿ ಉಳಿಯುವುದಿಲ್ಲ. ಓಂಡನ್‌ಸೆಟ್ರಾನ್ ತಲೆನೋವು, ಮಲಬದ್ಧತೆ ತರಬಹುದು. ಹೃದಯದ ಬಡಿತದ ಲಯದಲ್ಲಿ ತೊಂದರೆಯಿರುವವರಿಗೆ ಕೊಡುವಾಗ ವೈದ್ಯರೇ ಎಚ್ಚರ ವಹಿಸುತ್ತಾರೆ. ಪಿ-6 ಪ್ರಯೋಗಗಳಲ್ಲಿ ವರದಿಯಾದ ತೊಂದರೆಗಳು ಚರ್ಮದ ಕಿರಿಕಿರಿ, ಕೆಂಪು, ಗುಳ್ಳೆ, ಒತ್ತಿದ ಜಾಗದ ನೋವು, ಅಷ್ಟರ ಮಟ್ಟಿನವು.

ಇಲ್ಲಿ ಜಾಣ ಎದುರಾಳಿ ಒಂದು ಮಾತು ಕೇಳಬೇಕು, ಕೇಳಿದ್ದಾನೆ ಎಂದೇ ಇಟ್ಟುಕೊಳ್ಳುತ್ತೇನೆ: ಔಷಧಿಯ ಜೊತೆಗೆ ಪಿ-6 ಸೇರಿಸಿದರೆ ಔಷಧಿಯೊಂದಕ್ಕಿಂತ ಹೆಚ್ಚು ಲಾಭವೆಂಬುದು ಸಾಬೀತಾಗಿದೆಯೇ? ಕಾಕ್ರೇನ್ ವಿಮರ್ಶೆಯ ಪ್ರಕಾರ ಜೊತೆಗೂಡಿಸಿದಾಗ ವಾಂತಿ ತಗ್ಗಿತು, ವಾಕರಿಕೆ ತಗ್ಗಲಿಲ್ಲ, ಒಟ್ಟಾರೆ ಸಾಕ್ಷ್ಯ ಇನ್ನೂ ನಿರ್ಣಾಯಕವಲ್ಲ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿರ್ಣಾಯಕ ಸಾಕ್ಷ್ಯ ಬರುವ ತನಕ ಏನು ಮಾಡಬೇಕೆಂಬುದನ್ನು ಆಗುವ ಖರ್ಚು ಮತ್ತು ಅಪಾಯವನ್ನು ತೂಗಿ ನಿರ್ಧರಿಸಬೇಕು. ಖರ್ಚು ಶೂನ್ಯಕ್ಕೆ ಸಮೀಪ, ಅಪಾಯ ಚರ್ಮ ಕೆಂಪಾಗುವಷ್ಟು. ಅನೇಕ ದೇಶಗಳ ಅರಿವಳಿಕೆ ತಜ್ಞರು ಸೇರಿ 2020ರಲ್ಲಿ ಹೊರತಂದ ನಾಲ್ಕನೆಯ ಒಮ್ಮತದ ಮಾರ್ಗಸೂಚಿ ವಾಂತಿ ತಡೆಯುವ ಉಪಾಯಗಳಲ್ಲಿ ಪಿ-6 ಅನ್ನು ಸೇರಿಸಿಕೊಂಡದ್ದೂ ಈ ಎಲ್ಲ ಸಾಕ್ಷ್ಯವನ್ನು ಕಣ್ಣೆದುರು ಇಟ್ಟುಕೊಂಡೇ. ಅವರನ್ನೂ ಮೂಢನಂಬಿಕೆಯವರ ಪಟ್ಟಿಗೆ ಸೇರಿಸುವ ಧೈರ್ಯ ಇದೆಯೇ?

ಆರನೆಯದು ಮನೆಮದ್ದಿನ ಕಡೆಯಿಂದ ಬರುವ ಆಕ್ಷೇಪ: ಚೀನದ್ದೇಕೆ ನಮಗೆ, ನಮ್ಮ ಶುಂಠಿ, ನಿಂಬೆಹಣ್ಣು ಸಾಲದೆ? ಶುಂಠಿಯ ಮೇಲೆ ನನಗೆ ದ್ವೇಷವಿಲ್ಲ. ಸಾಗರ, ಸೊರಬದ ಗದ್ದೆಗಳಲ್ಲಿ ಬೆಳೆಯುವ ಬೆಳೆ ಅದು. ಆದರೆ ಅರಿವಳಿಕೆಯಿಂದ ಆಗತಾನೆ ಎದ್ದವರ ಬಾಯಿಗೆ ವೈದ್ಯರು ಹೇಳುವ ಮುಂಚೆ ಒಂದು ಚಮಚ ಕಷಾಯ ಹಾಕುವುದೂ ತಪ್ಪು. ಅದು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಹೋದರೆ ವಾಂತಿಗಿಂತ ದೊಡ್ಡ ಕೇಡು. ಒತ್ತುವ ಕ್ರಮದಲ್ಲಿ ಬಾಯಿಗೆ ಏನೂ ಹೋಗುವುದಿಲ್ಲ. ಅದರ ಮುಖ್ಯ ಗುಣವೇ ಅದು. ರೋಗಿ ವಾಕರಿಸುವಾಗ ಏನಾದರೂ ಮಾಡಲೇಬೇಕೆಂದು ಮನೆಯವರ ಕೈ ಚಡಪಡಿಸುತ್ತದೆ. ಆ ಕೈಗೆ ನಿರಪಾಯದ ಕೆಲಸ ಕೊಡದಿದ್ದರೆ ಅದು ಲೋಟವನ್ನೇ ಹುಡುಕುತ್ತದೆ.

ಏಳನೆಯ ಆಕ್ಷೇಪ: ನರ್ಸ್‌ಗಳಿಗೆ ಪುರುಸೊತ್ತಿಲ್ಲ. ಪೂರ್ತಿ ನಿಜ. ಅದಕ್ಕೇ ಒತ್ತುವ ಕೆಲಸ ನರ್ಸ್‌ಗೆ ಎಂದು ನಾನು ಹೇಳಿಯೇ ಇಲ್ಲ. ನಮ್ಮ ವಾರ್ಡುಗಳಲ್ಲಿ ಮಂಚಕ್ಕೊಬ್ಬರು ಮನೆಯವರು ಇದ್ದೇ ಇರುತ್ತಾರೆ, ಕಲಿಯಬೇಕಾದವರು ಅವರು. ಒತ್ತಲು ಆಗದ ಹೊತ್ತಿನಲ್ಲಿ ಪ್ರಯಾಣದ ವಾಂತಿಗೆಂದು ಮಾರುವ ಗುಂಡಿಯಿರುವ ಮಣಿಕಟ್ಟಿನ ಪಟ್ಟಿಯೂ ಇದೆ. ಇನ್ನು ಸಮಯದ ಲೆಕ್ಕ: ಒಮ್ಮೆ ವಾಂತಿಯಾದರೆ ಹಾಸಿಗೆ ಬದಲಿಸಬೇಕು, ನೆಲ ಒರೆಸಬೇಕು, ಡ್ರಿಪ್ ನೋಡಬೇಕು, ಇಂಜೆಕ್ಷನ್ ಕೊಡಬೇಕು, ಕೇಸ್ ಶೀಟಿನಲ್ಲಿ ಬರೆಯಬೇಕು. ಇದೆಲ್ಲ ಯಾರ ಪುರುಸೊತ್ತಿನಲ್ಲಿ ನಡೆಯುತ್ತಿದೆ? ಪುರುಸೊತ್ತಿಲ್ಲ ಎಂಬ ಕಾರಣ ನನ್ನ ವಾದವನ್ನು ಕೆಡವುವುದಿಲ್ಲ, ಎತ್ತಿ ನಿಲ್ಲಿಸುತ್ತದೆ.

ಎಂಟನೆಯದು ನನಗೆ ಸಿಟ್ಟು ತರಿಸುವ ಆಕ್ಷೇಪ: ಹಳ್ಳಿಯವರು, ಕಾಡಂಚಿನವರು ಸರಿಯಾದ ಜಾಗ ಹುಡುಕಿ ಒತ್ತಲಾರರು, ಇದಕ್ಕೆ ತಜ್ಞರೇ ಬೇಕು. ಜಾಗ ಇಲ್ಲಿದೆ: ರೋಗಿಯ ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯ ಮೇಲೆ ರೋಗಿಯದೇ ಮೂರು ಬೆರಳನ್ನು ಅಡ್ಡಲಾಗಿ ಇಡಿ, ಮೊಳಕೈ ಕಡೆಯ ಬೆರಳಿನ ಅಂಚಿನಲ್ಲಿ, ಮುಷ್ಟಿ ಬಿಗಿದಾಗ ಎದ್ದು ಕಾಣುವ ಎರಡು ಹುರಿಗಳ ನಡುವಿನ ತಗ್ಗು. ನೋವಾಗದಷ್ಟು ಗಟ್ಟಿಯಾಗಿ ಎರಡು ಮೂರು ನಿಮಿಷ ಒತ್ತುವುದು, ಆಮೇಲೆ ಇನ್ನೊಂದು ಕೈ. ಡ್ರಿಪ್ ಸೂಜಿ ಇರುವ ಜಾಗ, ಗಾಯ, ಬಾವು, ಡಯಾಲಿಸಿಸ್‌ಗೆ ಸಿದ್ಧಮಾಡಿದ ಕೈ, ಸ್ತನದ ಆಪರೇಷನ್‌ನಲ್ಲಿ ಕಂಕುಳ ಗ್ರಂಥಿ ತೆಗೆದ ಬದಿಯ ಕೈ, ಇವನ್ನು ಮುಟ್ಟುವಂತಿಲ್ಲ. ಪಾಠ ಮುಗಿಯಿತು. ಸಕ್ರೆಬೈಲಿನ ಬಿಡಾರದಲ್ಲಿ ಮಾವುತರು ಆನೆಯ ಕತ್ತಿನ ಮೇಲೆ ಕೂತು ಅದರ ಕಿವಿಯ ಹಿಂದೆ ಕಾಲ್ಬೆರಳು ಒತ್ತಿ, ತಿರುಗು, ನಿಲ್ಲು, ನಡೆ ಎಂದು ತಿಳಿಸುತ್ತಾರೆ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂಬ ಆ ಅರಿವು ತಲೆಮಾರಿನಿಂದ ತಲೆಮಾರಿಗೆ ಮೈಯಿಂದ ಮೈಗೆ ದಾಟಿ ಬಂದದ್ದು. ಟನ್‌ಗಟ್ಟಲೆ ತೂಗುವ ಪ್ರಾಣಿಯೊಂದಿಗೆ ಬೆರಳಿನಲ್ಲಿ ಮಾತಾಡಬಲ್ಲವರಿಗೆ ತಮ್ಮ ಮನೆಯ ಹೆಣ್ಣಿನ ಮಣಿಕಟ್ಟಿನಲ್ಲಿ ಮೂರು ಬೆರಳು ಅಳೆಯಲು ಬಾರದು ಎನ್ನುವವರು ವೈದ್ಯಶಾಸ್ತ್ರದ ಮಾತಾಡುತ್ತಿಲ್ಲ. ಅದು ತಾತ್ಸಾರದ ಮಾತು.

ಒಂಬತ್ತನೆಯದು ಇರುವುದರಲ್ಲಿ ತೂಕದ ಆಕ್ಷೇಪ, ಗೌರವದಿಂದ ಎತ್ತಿಕೊಳ್ಳುತ್ತೇನೆ. ವಾಂತಿ ಬೇರೆ ಅಪಾಯದ ಸೂಚನೆಯಾಗಿರಬಹುದು. ಮನೆಯವರು ಮಣಿಕಟ್ಟು ಒತ್ತುತ್ತ ಕೂತು ಸಿಸ್ಟರನ್ನು ಕರೆಯುವುದನ್ನೇ ಬಿಟ್ಟರೆ? ಬೆನ್ನಿಗೆ ಚುಚ್ಚಿದ ಅರಿವಳಿಕೆಯ ನಂತರದ ವಾಕರಿಕೆಗೆ ಕೆಲವೊಮ್ಮೆ ರಕ್ತದೊತ್ತಡ ಕುಸಿದದ್ದೇ ಕಾರಣ; ಆಗ ಬೇಕಾದದ್ದು ಒತ್ತಡ ಅಳೆಯುವ ಪಟ್ಟಿ, ಹೆಬ್ಬೆರಳಲ್ಲ. ಹೊಟ್ಟೆ ಉಬ್ಬಿ ಗಾಳಿ ಹೋಗದಿರುವುದು, ಹಸಿರು ಪಿತ್ತ ಅಥವಾ ರಕ್ತ ಬರುವುದು, ನಿಲ್ಲದ ವಾಂತಿ, ಜೋರು ತಲೆನೋವು, ಮಂಕು ಇವು ಕಂಡರೆ ಒಂದು ಕ್ಷಣವೂ ತಡಮಾಡಬಾರದು. ಇಷ್ಟೆಲ್ಲ ಒಪ್ಪಿದ ಮೇಲೆ ಕೇಳುತ್ತೇನೆ: ಈ ಅಪಾಯಗಳನ್ನು ಮನೆಯವರಿಗೆ ಯಾರು ಹೇಳಬೇಕು, ಯಾವಾಗ ಹೇಳಬೇಕು? ಮಣಿಕಟ್ಟು ಒತ್ತಲು ಕಲಿಸುವ ಐದು ನಿಮಿಷವೇ ಅದಕ್ಕೆ ತಕ್ಕ ಸಮಯ. ಮೊದಲ ಪಾಠ, ವಾಕರಿಕೆ ಬಂದರೆ ಸಿಸ್ಟರಿಗೆ ಹೇಳು. ಎರಡನೆಯದು, ಅವರು ನೋಡಿದ ಮೇಲೆ ಒತ್ತು. ಮೂರನೆಯದು, ಹೊಟ್ಟೆ ನೀವಬೇಡ, ಬಾಯಿಗೆ ಏನೂ ಹಾಕಬೇಡ. ಕಲಿಸಿದರೆ ಅಪಾಯ ಎನ್ನುವವರು ಕಲಿಸದೆ ಬಿಟ್ಟಾಗ ಜನ ಏನು ಮಾಡುತ್ತಾರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಕೊನೆಯದಾಗಿ, ನನ್ನ ಬೆನ್ನು ತಟ್ಟಲು ಬರುವವರಿಗೂ ಒಂದು ಉತ್ತರ ಬಾಕಿಯಿದೆ. ಒತ್ತಿದರೆ ಸಾಕು, ಇಂಜೆಕ್ಷನ್ ಬೇಡ, ಇದೇ ಬಿಂದುವಿನಿಂದ ಎಲ್ಲ ರೋಗ ಗುಣವಾಗುತ್ತದೆ ಎನ್ನುವ ಪ್ರಚಾರಕರು ಆಕ್ಷೇಪಕರಿಗೆ ಅಸ್ತ್ರ ಒದಗಿಸುತ್ತಿದ್ದಾರೆ. ನಾನು ಮೇಲೆ ಎತ್ತಿದ ಸಾಕ್ಷ್ಯ ಒಂದು ಬಿಂದುವಿಗೆ, ಒಂದು ಸಂಕಟಕ್ಕೆ ಸೇರಿದ್ದು. ಹೆಚ್ಚಿನ ಪ್ರಯೋಗಗಳು ವಾಂತಿ ಶುರುವಾಗುವ ಮುಂಚೆ ತಡೆಗಟ್ಟಲು ನಡೆದವು. ಶುರುವಾದ ಮೇಲೆ ನಿಲ್ಲಿಸುವ ವಿಷಯದಲ್ಲಿ ಅಷ್ಟು ಬಲದಿಂದ ಹೇಳಲು ಬರುವುದಿಲ್ಲ. ಆದ್ದರಿಂದಲೇ ಪಾಠ ಥಿಯೇಟರಿಗೆ ಹೋಗುವ ಮುಂಚೆ ನಡೆಯಬೇಕು. ಸಾಕ್ಷ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವವನೂ ಒಂದು ಹೆಜ್ಜೆ ಹಿಂದೆ ಉಳಿಯುವವನೂ ರೋಗಿಗೆ ಮಾಡುವುದು ಒಂದೇ ಅನ್ಯಾಯ.

ಈ ಒಂಬತ್ತು ಆಕ್ಷೇಪಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ಒಂದನ್ನೊಂದು ತಿನ್ನುತ್ತವೆ. ಏನೂ ಪರಿಣಾಮವಿಲ್ಲ ಎನ್ನುವವರೇ ತಜ್ಞರಲ್ಲದವರು ಮಾಡಬಾರದು ಎನ್ನುತ್ತಾರೆ. ವಾಂತಿ ಕ್ಷುಲ್ಲಕ ಎನ್ನುವವರೇ ಅದು ಗಂಭೀರ ಕಾಯಿಲೆಯ ಸೂಚನೆ ಎಂದು ಎಚ್ಚರಿಸುತ್ತಾರೆ. ಎರಡೂ ಏಕಕಾಲಕ್ಕೆ ನಿಜವಾಗಲು ಸಾಧ್ಯವಿಲ್ಲ. ನನ್ನ ಬೇಡಿಕೆ ಮೂರು ಸಾಲಿನದ್ದು. ಆಪರೇಷನ್‌ಗೆ ಮುಂಚೆ ಕೇಸ್ ಶೀಟಿನಲ್ಲಿ ಆ ನಾಲ್ಕು ಅಂಕಗಳ ಲೆಕ್ಕ ಬರೆಯಿರಿ, ಬಸ್ಸಿನಲ್ಲಿ ವಾಂತಿಯಾಗುತ್ತದೆಯೇ ಎಂದು ಮರೆಯದೆ ಕೇಳಿ. ಅಂಕಕ್ಕೆ ತಕ್ಕ ಔಷಧಿಯನ್ನು ತಪ್ಪದೆ ಕೊಡಿ. ಮನೆಯವರ ಕೈ ಹಿಡಿದು ಆ ಜಾಗ ತೋರಿಸಿ, ಅಪಾಯದ ಲಕ್ಷಣಗಳನ್ನೂ ಹೇಳಿ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿದೆ, ಪಾಠ ಕಲಿಯುವ ನರ್ಸಿಂಗ್ ವಿದ್ಯಾರ್ಥಿಗಳಿದ್ದಾರೆ, ಎಣಿಸಲು ರೋಗಿಗಳಿದ್ದಾರೆ. ಕಲಿಸಿದ ವಾರ್ಡಿನಲ್ಲಿ ಎಷ್ಟು ವಾಂತಿ, ಕಲಿಸದ ವಾರ್ಡಿನಲ್ಲಿ ಎಷ್ಟು ಎಂದು ಎಣಿಸಿ ನನ್ನ ವಾದ ತಪ್ಪೆಂದು ತೋರಿಸಿದರೆ ನಾನು ತೆಪ್ಪಗಾಗುತ್ತೇನೆ. ಎಣಿಸದೆ ತಲೆಯಾಡಿಸುವುದನ್ನು ಉತ್ತರವೆಂದು ಒಪ್ಪಲಾರೆ.